ಸಿಕ್ಕಿಕೊಂಡ ಕಾಡತೂಸು

ತಾಮ್ರವೆಂದರೆ ನನಗೆ ಬಚ್ಚಲಿನ ಹಂಡೆ, ಹುಣಸೆಹಣ್ಣು ತಾಕಿದೊಡನೆ ನಾಚಿ ಕೆಂಪಾಗುವ ಸಾಧು ಲೋಹ; ಅದಕ್ಕೂ ಸಾವಿಗೂ ನಂಟು ಇದ್ದೀತೆಂದು, ಓದುಗ ಮಿತ್ರರೇ, ಉಗಾರ ಬುದ್ರುಕದ ನನ್ನ ಬಾಲ್ಯದ ಗೆಳೆಯ ಬಾಳಪ್ಪ ಹೇಳುವವರೆಗೂ ನನಗೆ ತಿಳಿದಿರಲಿಲ್ಲ.

ಬಾಳಪ್ಪ ಕಬ್ಬು ಬೆಳೆಯುವವನು. ಅವನ ಒಬ್ಬನೇ ಮಗ ಮಹೇಶ ಸೈನ್ಯದಲ್ಲಿದ್ದು, ಕಳೆದ ವರ್ಷ ಗಡಿಯ ಗುಡ್ಡವೊಂದರಲ್ಲಿ ಗುಂಡೇಟಿಗೆ ತೀರಿಕೊಂಡ. ಧ್ವಜ ಹೊದಿಸಿದ ಪೆಟ್ಟಿಗೆ ಬಂತು, ಕೃಷ್ಣೆಯ ದಂಡೆಗೆ ಊರೇ ಬಂತು, ಜತೆಗಾರರು ಆಕಾಶಕ್ಕೆ ಗುಂಡು ಹಾರಿಸಿ ಬೀಳ್ಕೊಟ್ಟರು. ಎಲ್ಲರೂ ಹೊರಟುಹೋದ ಮೇಲೆ ಬಾಳಪ್ಪನಲ್ಲಿ ಒಂದೇ ಪ್ರಶ್ನೆ ಉಳಿಯಿತು: ಆ ಹೊತ್ತಿನಲ್ಲಿ ಮಗನ ಬಂದೂಕು ನಡೆಯಿತೋ, ಇಲ್ಲವೋ? ಕೇಳಿದಾಗೆಲ್ಲ ‘ವೀರಮರಣ’ ಎಂಬ ಮಾತು ಬಂತು. ಅದು ಗೌರವದ ಮಾತು, ಉತ್ತರವಲ್ಲ.

ಹತ್ತಿರದಲ್ಲಿ ಉತ್ತರ ಸಿಗದ ದುಃಖ ದೂರ ಅಲೆಯುತ್ತದೆ. ಬಂದೂಕು ಏಕೆ ಕೈಕೊಡುತ್ತದೆಂದು ಮೊಬೈಲಿನಲ್ಲಿ ಹುಡುಕುತ್ತ ಹುಡುಕುತ್ತ ಬಾಳಪ್ಪ ಅಮೆರಿಕದ ಪಶ್ಚಿಮದ ಹುಲ್ಲುಗಾವಲಿಗೆ ಹೋಗಿ ಮುಟ್ಟಿದ. ನೂರೈವತ್ತು ವರ್ಷದ ಹಿಂದೆ ಅಲ್ಲಿನ ಮೂಲನಿವಾಸಿಗಳ ನೆಲ ಕಸಿಯಲು ಹೊರಟ ದಂಡಿನ ಕೈಯಲ್ಲಿ ಒಂದೊಂದೇ ಕಾಡತೂಸು ತುಂಬುವ ಬಂದೂಕುಗಳಿದ್ದವಂತೆ: ಮೇಲಿನ ಮುಚ್ಚಳ ಎತ್ತಬೇಕು, ತಾಮ್ರದ ಕಾಡತೂಸು ಇಡಬೇಕು, ಮುಚ್ಚಿ ಹೊಡೆಯಬೇಕು. ಬಿಡುವಿಲ್ಲದೆ ಹೊಡೆದರೆ ನಳಿಗೆ ಕಾದು, ಮೆತ್ತಗಿನ ತಾಮ್ರ ಒಳಗೇ ಕಚ್ಚಿಕೊಳ್ಳುತ್ತಿತ್ತಂತೆ ಕೆಲವೊಮ್ಮೆ. ಬಾಳಪ್ಪ ಜಾಲಿ ಕಟ್ಟಿಗೆಯನ್ನು ಕೆತ್ತಿ, ಕಿಟಕಿಯ ಬಿಜಾಗರಿ ಹಚ್ಚಿ, ಅಂಥದೊಂದು ಬಂದೂಕು ಮಾಡಿಕೊಂಡಿದ್ದ. ಕಟ್ಟೆಯ ಮೇಲೆ ಕುಳಿತು ಅದರ ಮುಚ್ಚಳ ತೆರೆದು ತೋರಿಸುತ್ತಿದ್ದ.

“ವೈರಿ ಎದುರಿಗೆ ಬಂದಾನ, ಇಂವಾ ಚಾಕು ಹಿಡದು ಕಾಡತೂಸು ಕೀಳಾಕತ್ತಾನ,” ಎಂದ ಒಮ್ಮೆ. “ನಮ್ಮ ಹುಡುಗಗ ಹಂಗ ಆಗಿರಬಾರದು. ಅಷ್ಟ ನೋಡು.”

ಆ ಬಂದೂಕಿನ ಎದುರು ನಿಂತವರಿಗೂ ಅಪ್ಪಂದಿರು ಇದ್ದರಲ್ಲ ಎಂದು ನನಗೆ ಅನ್ನಿಸಿತು. ಹೊಡೆದರೆ ಒಬ್ಬ ತಂದೆ ಅಳಬೇಕು, ಸಿಕ್ಕಿಕೊಂಡರೆ ಇನ್ನೊಬ್ಬ. ಲೋಹ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಕಳೆದ ತಿಂಗಳು ಮಹೇಶನ ಜತೆಯಲ್ಲಿದ್ದ ಸೈನಿಕನೊಬ್ಬ, ನಿಪ್ಪಾಣಿ ಕಡೆಯ ವಿಲಾಸ ಎಂಬುವನು, ರಜೆಯ ಮೇಲೆ ಬಂದವನು ಬಾಳಪ್ಪನ ಮನೆಗೂ ಬಂದ. ನಾನೂ ಅಲ್ಲಿದ್ದೆ. ಬಾಳಪ್ಪನ ಹೆಂಡತಿ ಶಾಂತಾ ವೈನಿ ಚಹಾ ಕೊಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಕಬ್ಬಿನ ಮಾತು, ನೀರಿನ ಮಾತು ಮುಗಿದ ಮೇಲೆ ಬಾಳಪ್ಪ ತನ್ನ ಪ್ರಶ್ನೆಯನ್ನು ಕೇಳಿಯೇಬಿಟ್ಟ.

ವಿಲಾಸ ಚಹಾದ ಕಪ್ಪನ್ನು ನೆಲಕ್ಕಿಟ್ಟ.

“ಬಂದೂಕು ಬೆನ್ನ ಮ್ಯಾಲ ಇತ್ರಿ ಕಾಕಾ, ಕೈಯಾಗ ಇದ್ದಿದ್ದಿಲ್ಲ. ಗುಂಡು ತಾಗಿದ ನಮ್ಮ ತುಕಡಿ ಹುಡುಗನ್ನ ಮಹೇಶ ಎರಡೂ ಕೈಲೆ ಎತ್ಕೊಂಡು ಗುಡ್ಡಾ ಇಳ್ಯಾಕತ್ತಿದ್ದಾ. ಆ ಹುಡುಗನೂ ಉಳೀಲಿಲ್ರಿ.”

ಬಂದೂಕಿನ ಬಗ್ಗೆ ಇಷ್ಟು ತಿಂಗಳು ಬಾಳಪ್ಪ ಕಲಿತದ್ದರಲ್ಲಿ ಒಂದೂ ಈಗ ಅವನ ಕೈ ಹಿಡಿಯಲಿಲ್ಲ. ಮಗನ ದಹನದ ದಿನ ಕಲ್ಲಿನಂತೆ ನಿಂತಿದ್ದವನು ಅಂಗೈಗಳಲ್ಲಿ ಮುಖ ಹುದುಗಿಸಿ ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ.

ವೈನಿ ಅಳಲಿಲ್ಲ. ಆ ಹುಡುಗನ ಊರು ಯಾವುದೆಂದು ಕೇಳಿದರು. ವಿಲಾಸ ಉತ್ತರ ಭಾರತದ ಯಾವುದೋ ಹಳ್ಳಿಯ ಹೆಸರು ಹೇಳಿ, ಅಲ್ಲಿ ತಾಯಿ ಒಬ್ಬಳೇ ಇದ್ದಾಳೆ ಎಂದ.

“ಆಕಿಗೆ ಯಾರರ ಹೇಳ್ಯಾರೇನಪಾ, ಸಾಯೂ ಹೊತ್ತಿನ್ಯಾಗ ಅಂವಾ ಒಬ್ಬನ ಇದ್ದಿದ್ದಿಲ್ಲಂತ?”

ವಿಲಾಸ ಇಲ್ಲವೆಂದು ತಲೆಯಾಡಿಸಿದ. ವೈನಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಅವನ ಎದುರು ಕುಳಿತರು.

“ಫೋನ್ ಹಚ್ಚು. ನನಗ ಆಕಿ ಮಾತು ಬರೂದಿಲ್ಲ. ನಾ ಅಂದದ್ದು ನೀ ಹಿಂದಿಯೊಳಗ ಹೇಳು.”