ಗುಂಡಮ್ಮ ಸೋಸಿಟ್ಟ ನೀರು

೧೯೮೯ರ ಮಾರ್ಚ್ ತಿಂಗಳು. ಕಲಬುರಗಿಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಅಧ್ಯಾಪಕಿಯಾಗಿ ಹದಿನಾಲ್ಕು ವರ್ಷ ಕಳೆದಿದ್ದವು. ಪಾಠ, ಪ್ರಾಕ್ಟಿಕಲ್, ಪೇಪರ್ ತಿದ್ದುವುದು, ಮತ್ತೆ ಪಾಠ. ಗಾಣದೆತ್ತಿಗೂ ನನಗೂ ಒಂದೇ ವ್ಯತ್ಯಾಸ: ಅದರ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ, ನನಗೆ ಮೈಕ್ರೋಸ್ಕೋಪ್ ಕೊಟ್ಟಿದ್ದರು. ಇದರ ನಡುವೆ ನನ್ನ ಪಿಎಚ್.ಡಿ. ಆರನೇ ವರ್ಷಕ್ಕೆ ಕಾಲಿಟ್ಟು ಕುಂಟುತ್ತಿತ್ತು.

ಸಂಶೋಧನೆ ದುಂಡುಹುಳುಗಳ ಮೇಲೆ. ಹೊಟ್ಟೆಯ ಜಂತುವಲ್ಲ; ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ, ಒಂದು ಮಿಲಿಮೀಟರ್ ಉದ್ದದ ನಿರುಪದ್ರವಿ ಜೀವಿ. ಕಮಲಾಪುರದ ಕೆಂಪು ಬಾಳೆಯ ತೋಟವೊಂದರಿಂದ, ಕೊಳೆತ ಬಾಳೆದಿಂಡಿನ ಸಮೇತ ಅವನ್ನು ಡಬ್ಬಿಯಲ್ಲಿ ತರುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು ಹಣ್ಣಿರಬಹುದೆಂದು ಆಸೆಯಿಂದ ನೋಡಿ, ವಾಸನೆ ಬಂದ ಮೇಲೆ ಸೀಟು ಬದಲಿಸಿದ್ದೂ ಉಂಟು. ಅಗರ್ ಎಂಬ ಪುಡಿಯನ್ನು ನೀರಿನಲ್ಲಿ ಕುದಿಸಿ ಗಾಜಿನ ತಟ್ಟೆಗೆ ಹೊಯ್ದರೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಹುಳು ಬಿಡಬೇಕು. ನಾಲ್ಕು ದಿನದಲ್ಲಿ ಮರಿ ಬೆಳೆದು ಮೊಟ್ಟೆಯಿಡುತ್ತದೆ; ಹಾಗೇ ಬಿಟ್ಟರೆ ಸಂಗ್ರಹದ ತಟ್ಟೆಯಲ್ಲಿ ಸಾವಿರಾರು ಹುಳು ಕಿಕ್ಕಿರಿಯುತ್ತವೆ.

ಅಗರ್ ಕುದಿಸುವುದು, ತಟ್ಟೆ ತೊಳೆಯುವುದು ಗುಂಡಮ್ಮನ ಕೆಲಸ. ಕುಸನೂರಿನಿಂದ ಬರುತ್ತಿದ್ದ ಆಕೆ ಒಂಬತ್ತು ವರ್ಷದಿಂದ ತಾತ್ಕಾಲಿಕ ಅಟೆಂಡರ್. ಆ ತಿಂಗಳು ಖಾಯಂ ಆಗುವವರ ಪಟ್ಟಿ ತಯಾರಾಗುತ್ತಿತ್ತು. ಅದರಲ್ಲಿ ಹೆಸರು ಉಳಿಯಬೇಕಾದರೆ ವಿಭಾಗದಿಂದ ದೂರು ಇರಬಾರದು.

ಆಗಲೇ ನನ್ನ ಹುಳುಗಳು ಕೈಕೊಟ್ಟವು. ನಲವತ್ತು ತಟ್ಟೆ, ತಟ್ಟೆಗೆ ಹತ್ತೇ ಮರಿ, ಊಟ ಬೇಕಾದಷ್ಟು. ಆದರೂ ಮೂರನೇ ದಿನಕ್ಕೆ ದಾರದೆಳೆಯಂತೆ ತೆಳ್ಳಗಾಗಿ, ತಿನ್ನದೆ ಸುಮ್ಮನೆ ಮಲಗಿಬಿಟ್ಟವು. ಎರಡನೇ ಸಲವೂ ಹಾಗೇ, ಮೂರನೇ ಸಲವೂ ಹಾಗೇ. ನನ್ನ ತಾಳ್ಮೆ ಮುಗಿಯಿತು.

“ಗುಂಡಮ್ಮಾ, ತಾಟಿನ್ಯಾಗ ಸೋಪು ಉಳಿಸೀದಿ, ಹೌದಿಲ್ಲೋ?”

“ಇಲ್ರೀ ಅಕ್ಕೋರ. ಸೋಪಿನ ಕೈ ಸುದ್ದಾ ಹಚ್ಚಿಲ್ರಿ. ನೀರು ಸುದ್ದಾ ನಾ ಮೂರು ಸಲ...”

“ನೀರಿನ ಕಥಿ ನನಗ ಬ್ಯಾಡ. ಹಂಗಾರ ಹುಳಗೋಳು ತಾವಾಗೇ ಉಪವಾಸ ಕುಂತಾವೇನು?”

ಆ ಗುರುವಾರವೇ ನಾಲ್ಕು ಸಾಲಿನ ದೂರು ಬರೆದು ಆಫೀಸಿಗೆ ಕೊಟ್ಟೆ. ‘ಅಟೆಂಡರ್ ಗುಂಡಮ್ಮನ ನಿರ್ಲಕ್ಷ್ಯದಿಂದ ಪ್ರಯೋಗ ಹಾಳಾಗಿದೆ’ ಎಂಬುದು ಅದರ ಸಾರ. ಬರೆದ ಮೇಲೆ ಮನಸ್ಸು ಹಗುರಾಯಿತೆಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ.

ಭಾನುವಾರ ಕಮಲಾಪುರಕ್ಕೆ ಹೋಗಿ ಹೊಸ ಹುಳು ತಂದೆ. ಗುಂಡಮ್ಮನಿಗೆ ರಜೆ, ಕೆಮಿಸ್ಟ್ರಿ ವಿಭಾಗದಿಂದ ಎರಡು ಬಾಟಲಿ ಡಿಸ್ಟಿಲ್ಡ್ ವಾಟರ್ ಕಡ ತಂದು ನಾನೇ ಅಗರ್ ಕುದಿಸಿದೆ. ಮುಂದಿನ ಗುರುವಾರ ನೋಡಿದರೆ ಆ ಹುಳುಗಳು ಮೈತುಂಬಿಕೊಂಡು ಮೊಟ್ಟೆಯಿಟ್ಟಿದ್ದವು. ನೋಡು, ನಾನು ಹೇಳಲಿಲ್ಲವೇ ಎಂದುಕೊಂಡೆ. ಹಳೆಯ ತಟ್ಟೆಗಳನ್ನು ಬಿಸಾಡುವ ಮುನ್ನ, ಸತ್ತಿವೆಯೋ ಇಲ್ಲವೋ ನೋಡೋಣವೆಂದು ಆ ದಾರದೆಳೆಗಳಲ್ಲಿ ಐದಾರನ್ನು ಹೊಸ ತಟ್ಟೆಗೆ ಬಿಟ್ಟೆ. ಮಧ್ಯಾಹ್ನದ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಅವು ಎದ್ದು ತಿನ್ನತೊಡಗಿದ್ದವು.

ಸೋಪು ಕುಡಿದ ಹುಳು ಹೀಗೆ ಎದ್ದು ಊಟಕ್ಕೆ ಕೂರುವುದಿಲ್ಲ. ಗುಂಡಮ್ಮನನ್ನು ಕರೆದು, ಅಗರಿಗೆ ಯಾವ ನೀರು ಹಾಕುತ್ತಿದ್ದೀ ಎಂದು ಮೊದಲ ಸಲ ಕೇಳಿದೆ. ಅವಳು ಬಾಗಿಲ ಹಿಂದಿದ್ದ ಕೊಡ ತೋರಿಸಿದಳು.

“ಹುಳ ತುಂಬಿದ ತಾಟು ಮೊದಲ ಸಲ ತೊಳದ ನೀರ್ರಿ. ಅರಿಬಿಲೆ ಸೋಸಿ, ಕಾಗದಲೆ ಸೋಸಿ, ಮೂರು ಸಲ ಕುದಸೀನಿ. ಒಂದು ಹುಳ ಉಳಿದಿಲ್ರಿ. ಈ ತಿಂಗಳು ನಳ ಬರೋದು ನಾಕು ದಿನಕ್ಕೊಮ್ಮೆ, ಚೆಲ್ಲಾಕ ಮನಸ್ಸು ಬರಂಗಿಲ್ರಿ.”

ನಿಜ, ಒಂದು ಹುಳುವೂ ಉಳಿದಿರಲಿಲ್ಲ. ಆದರೆ ಹುಳುಗಳು ಬಿಟ್ಟ ರಾಸಾಯನಿಕ ಉಳಿದಿತ್ತು. ದುಂಡುಹುಳುಗಳು ಕಿಕ್ಕಿರಿದಾಗ ಒಂದು ವಸ್ತುವನ್ನು ಹೊರಬಿಡುತ್ತವೆ. ಅದಕ್ಕೆ ಫೆರೊಮೋನ್ ಎನ್ನುತ್ತಾರೆ. ಮರಿಗಳು ಅದನ್ನು ಗ್ರಹಿಸಿ, ಬೆಳೆಯುವುದನ್ನು ನಿಲ್ಲಿಸಿ, ಬಾಯಿ ಮುಚ್ಚಿ, ಒಳ್ಳೆಯ ದಿನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತವೆ. ಆ ಸ್ಥಿತಿಗೆ ಡೌಯರ್ ಎಂದು ಹೆಸರು. ಆ ವಸ್ತು ನೀರಿನಲ್ಲಿ ಕರಗುತ್ತದೆ, ಕುದಿಸಿದರೂ ಕೆಡುವುದಿಲ್ಲ. ಸಾವಿರ ಹುಳುಗಳ ‘ಇಲ್ಲಿ ಜಾಗವಿಲ್ಲ’ ಎಂಬ ಸುದ್ದಿಯನ್ನು ಗುಂಡಮ್ಮ ತಿಳಿಯದೆ ಹತ್ತೇ ಮರಿಗಳ ತಟ್ಟೆಗೆ ಹೊಯ್ದಿದ್ದಳು.

ಇದನ್ನೆಲ್ಲ ನಾನು ಪ್ರತಿವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ, ಹಳದಿಯಾದ ಅದೇ ನೋಟ್ಸ್ ಹಿಡಿದು. ನಮ್ಮ ಮನೆಯಲ್ಲೂ ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ. ಆದರೂ ಲ್ಯಾಬಿನಲ್ಲಿ ಯಾರಾದರೂ ನೀರು ಉಳಿಸಿಯಾರು ಎಂದು ನನಗೆ ಹೊಳೆಯಲಿಲ್ಲ. ಓದಿದವಳಿಗಿಂತ ಓದದವಳೇ ಮೇಲು ಅನ್ನಿಸಿತು. ಅವಳನ್ನು ಕೂರಿಸಿ ಎಲ್ಲವನ್ನೂ ವಿವರಿಸಿದೆ, ದೂರು ಕೊಟ್ಟದ್ದನ್ನೂ ಹೇಳಿದೆ. ಅವಳು ಆ ಕೊಡವನ್ನು ಎತ್ತಿ ಮೋರಿಯ ಹತ್ತಿರ ಇಟ್ಟಳು.

“ಹುಳ ಹೇಳಿದ್ದು ಹುಳಕ್ಕ ತಿಳದದ ನೋಡ್ರಿ. ಅವತ್ತ ನಾ ನೀರಿಂದೇ ಹೇಳಾಕ ಬಂದಿದ್ದೆ, ಅಕ್ಕೋರ.”

ಓಡಿಹೋಗಿ ಆಫೀಸಿನಲ್ಲಿ ಕೇಳಿದರೆ ಪಟ್ಟಿ ಹಿಂದಿನ ದಿನವೇ ಹೋಗಿತ್ತು, ಅವಳ ಹೆಸರಿಲ್ಲದೆ. ದೂರು ವಾಪಸ್ ಪಡೆದೆ, ತಪ್ಪು ನನ್ನದೆಂದು ಬರೆದುಕೊಟ್ಟೆ, ಮುಂದೆ ಎಷ್ಟೋ ಅರ್ಜಿ ಬರೆದೆ. ನಾಲ್ಕು ಸಾಲು ಮಾಡಿದ ಕೆಲಸವನ್ನು ಅಳಿಸಲು ನಾಲ್ಕು ವರ್ಷ ಬೇಕಾಯಿತು. ೧೯೯೩ರಲ್ಲಿ ಅವಳು ಖಾಯಂ ಆದಳು. ಕಳೆದುಹೋದ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. ಅಷ್ಟರಲ್ಲಿ ನನಗೆ ಪಿಎಚ್.ಡಿ. ಬಂದಿತ್ತು. ಸಂಭ್ರಮವೇನೂ ಆಗಲಿಲ್ಲ.

ಏನು ಕೆಟ್ಟಿತೆಂದು ಬರೆಯುವ ಮೊದಲು, ಏನು ಮಾಡಿದೆಯೆಂದು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನಿರಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಬೇರೆಯವರ ಖರ್ಚಿನಲ್ಲಿ. ನಾನು ನಿವೃತ್ತಳಾಗುವ ತನಕವೂ ಗುಂಡಮ್ಮ ಪ್ರತಿ ಸಂಜೆ ತಟ್ಟೆ ತೊಳೆದ ನೀರಿನ ಬಕೆಟ್ ಹಿಡಿದು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

“ಚೆಲ್ಲಲೇನ್ರೀ ಅಕ್ಕೋರ?”

ನಳ ಬರದ ದಿನವೂ ನಾನು “ಚೆಲ್ಲು” ಎನ್ನಬೇಕಾಗುತ್ತಿತ್ತು.