ಬೀಗ ಜಡಿದ ಬೋರ್ಡು

ಗದಗಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಒಂದು ಎಫ್‌ಪಿಜಿಎ ಬೋರ್ಡು ಇತ್ತು. ಒಳಗಿನ ಸರ್ಕಿಟ್ಟನ್ನು ಬೇಕಾದ ಹಾಗೆ, ಬೇಕಾದಷ್ಟು ಸಲ ಬದಲಿಸಿಕೊಳ್ಳಬಹುದಾದ ಚಿಪ್ಪು ಅದರಲ್ಲಿರುತ್ತದೆ. ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಆಯುಧಪೂಜೆಯ ದಿನ ಮಾತ್ರ ಹೊರಗೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮತ್ತೆ ಒಳಗಿಡುತ್ತಿದ್ದರು. ಪಾಠ ಕೇಳಿದರೆ, ಬೋರ್ಡಿನ ಚಿತ್ರ ಬರೆದು ಭಾಗ ಗುರುತಿಸಿ ಎನ್ನುತ್ತಿದ್ದರು. ಅಪ್ಪಟ ಪುಸ್ತಕದ ಬದನೆಕಾಯಿ.

ಕೊನೆಯ ವರ್ಷ ಕಾಡಿ ಬೇಡಿ ಅದನ್ನು ಈಸಿಕೊಂಡೆ. ಕನೆಕ್ಟರಿನೊಳಗೆ ಹೊಕ್ಕಿದ್ದ ಕುಂಕುಮವನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆಯುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಮುಂಡರಗಿಯ ನಮ್ಮ ಮನೆಯಿಂದ ಒಣ ಮೆಣಸಿನಕಾಯಿ ತಂದೆ. ಬೆಲ್ಟಿನ ಮೇಲೆ ಸಾಗುವ ಕಾಯಿಗಳನ್ನು ಕ್ಯಾಮೆರಾ ನೋಡಬೇಕು, ಬಿಳಚಿಕೊಂಡದ್ದನ್ನು ಚಿಪ್ಪು ಆ ಕ್ಷಣವೇ ಹಿಡಿಯಬೇಕು, ಪರದೆಯ ಮೇಲೆ ಅದರ ಸುತ್ತ ಹಸಿರು ಚೌಕ ಮೂಡಬೇಕು. ಒದ್ದಾಡಿ ಒದ್ದಾಡಿ ಮಾಡಿದೆ. ಕಾಲೇಜಿನ ಗುಣಮಟ್ಟ ಅಳೆಯುವ ಪರಿಶೀಲನಾ ತಂಡ ಬರುವ ಹಿಂದಿನ ದಿನ ಒಂದೂ ತಪ್ಪದೆ ಚೌಕಗಳು ಬಿದ್ದವು. ಕುಣಿದಾಡಿಬಿಟ್ಟೆ. ಬಲ್ಲವರು ಒಬ್ಬರಾದರೂ ಅದನ್ನು ಕಣ್ಣಾರೆ ನೋಡಲಿ ಎಂಬುದೊಂದೇ ನನ್ನ ಆಸೆ.

ಮರುದಿನ ಬೆಳಿಗ್ಗೆ ಬಂದ ಮುಖ್ಯಸ್ಥರು ಪರದೆಯ ವೈರನ್ನು ನನ್ನ ಬೋರ್ಡಿನಿಂದ ಕಿತ್ತು, ಮೇಜಿನ ಕೆಳಗೆ ಅಡಗಿಸಿಟ್ಟ ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅದರಲ್ಲಿದ್ದದ್ದು ಹಿಂದಿನ ದಿನ ಚೌಕಗಳು ಬೀಳುತ್ತಿದ್ದ ಪರದೆಯನ್ನು ಅವರು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ.

"ಸರ್, ಇದು ಖರೇನ ನಡೀತೈತ್ರಿ," ಎಂದೆ.

"ಖರೇದು ಯಾವಾಗರ ಕೈ ಕೊಡತೈತಲೇ. ವಿಡಿಯೊ ಕೊಡೂದಿಲ್ಲ. ನೀ ಸುಮ್ನ ಬಾಜೂಕ ನಿಂದ್ರು."

ಇಪ್ಪತ್ತು ವರ್ಷ ಪಾಠ ಮಾಡಿದ ಮನುಷ್ಯನ ಮಾತು ಇದು. ನನಗೆ ಅಸಹ್ಯವಾಯಿತು.

ಸನ್ಮಾನದ ಹಾರವನ್ನೂ ತೆಗೆಯದೆ ತಂಡದ ಹಿರಿಯರು ಬಂದರು. ಚಿತ್ರ ಸಂಸ್ಕರಣೆಯಲ್ಲಿ ದೊಡ್ಡ ಪಂಡಿತರಂತೆ. ಕ್ಯಾಮೆರಾದತ್ತ ತಿರುಗಿಯೂ ನೋಡಲಿಲ್ಲ. ವಿಡಿಯೊ ನೋಡುತ್ತ "ಭಾಳ ಛಲೋ, ಭಾಳ ಛಲೋ" ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಅವರ ಕಣ್ಣೆದುರೇ ಬೋರ್ಡಿನ ಪವರ್ ವೈರ್ ಕಿತ್ತುಬಿಟ್ಟೆ.

ಬೋರ್ಡಿನ ದೀಪಗಳೆಲ್ಲ ಆರಿದವು. ಪರದೆಯ ಮೇಲೆ ಮೆಣಸಿನಕಾಯಿಗಳು ಹಾಗೇ ಸಾಗುತ್ತಿದ್ದವು, ಚೌಕಗಳು ಹಾಗೇ ಬೀಳುತ್ತಿದ್ದವು. ಮುಖ್ಯಸ್ಥರ ಮುಖ ಬಿಳಚಿಕೊಂಡಿತು. ಹಿರಿಯರು ನನ್ನ ಕೈಯಲ್ಲಿದ್ದ ವೈರ್ ನೋಡಿದರು, ಪರದೆ ನೋಡಿದರು. ಈಗಲಾದರೂ ಕೇಳುತ್ತಾರೆ ಎಂದುಕೊಂಡೆ.

"ಬ್ಯಾಟರಿ ಬ್ಯಾಕಪ್ಪೂ ಇಟ್ಟೀರೇನ್ರಿ? ಶಹಬ್ಬಾಸ್!"

"ಹೌದ್ರಿ ಸರ್, ನಾನ ಹೇಳಿ ಹಾಕಿಸೀನ್ರಿ," ಎಂದು ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು.