ಗಣಿಯ ಬಾಯಲ್ಲಿ ಕ್ಯಾಮೆರಾ

ಹಾಸನದಲ್ಲಿ ನನ್ನ ಗೆಳೆಯನದೊಂದು ಫೋಟೋ ಸ್ಟುಡಿಯೋ ಇತ್ತು. ಇಂಗ್ಲೆಂಡಿಗೆ ಹಿಂತಿರುಗುತ್ತಿದ್ದ ಕಾಫಿ ತೋಟದ ಬಿಳಿ ದೊರೆಯೊಬ್ಬರು ಅವನಿಗೆ ಪುಟ್ಟ ಸಿನಿಮಾ ಕ್ಯಾಮೆರಾವನ್ನೂ ಪ್ರೊಜೆಕ್ಟರನ್ನೂ ಮಾರಿಹೋಗಿದ್ದರು. ಎರಡನೇ ಮಹಾಯುದ್ಧದ ಕಾಲ, ಫಿಲ್ಮ್ ಸಿಗುವುದೇ ಕಷ್ಟ. ಇದ್ದ ಒಂದೆರಡು ಸುರುಳಿಗಳಲ್ಲಿ ಏನು ತೆಗೆಯೋಣವೆಂದು ಯೋಚಿಸುತ್ತಿದ್ದಾಗ ಚನ್ನರಾಯಪಟ್ಟಣದ ಕಡೆ ಗಣಿಯೊಂದು ಕುಸಿದು ಆಳುಗಳು ಸತ್ತ ಸುದ್ದಿ ಬಂತು.

"ಇದನ್ನ ಜನಕ್ಕೆ ತೋರಿಸ್ಬೇಕು ಕಣೋ" ಎಂದ ಗೆಳೆಯ.

ನಾನು ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ನಾಟಕ ಕಲಿಸುತ್ತಿದ್ದೆ. ಕಥೆ ಬರೆದುಕೊಟ್ಟೆ.

ಹಿರೀಸಾವೆಯಲ್ಲಿ ಬಸ್ಸಿಳಿದು ಎತ್ತಿನ ಗಾಡಿಯಲ್ಲಿ ಗಣಿಯಿದ್ದ ಊರಿಗೆ ಹೋದೆವು. ಗಣಿಯ ಹತ್ತಿರ ನಮ್ಮನ್ನು ಬಿಡಲಿಲ್ಲ. ಊರಾಚೆಯ ಹಾಳುಬಾವಿಯನ್ನೇ ಗಣಿ ಮಾಡಿಕೊಂಡೆವು. ಕೆಲಸ ನಿಂತು ಸುಮ್ಮನೆ ಕೂತಿದ್ದ ಆಳುಗಳೇ ನಟರಾದರು. ದಡದಲ್ಲಿ ಕೂತು ಗಂಡನಿಗಾಗಿ ಕಾಯುವ ಪಾತ್ರಕ್ಕೆ ಮಾತ್ರ ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ, ಗಂಡನ ಹೆಣವೂ ಸಿಗದೆ ಹೋಗಿದ್ದವಳೊಬ್ಬಳು ತಾನಾಗಿಯೇ ಬಂದಳು.

"ನಾನ್ ಕುಂತ್ಕತೀನಿ ಸಾ. ಏನೂ ಏಳ್ಕೊಡ್ಬ್ಯಾಡಿ."

ಗಣಿಯ ಧೂಳಿಗೆ ಬದಲು ಇದ್ದಿಲಪುಡಿ ಬಳಿದುಕೊಂಡ ಆಳುಗಳು ಒಬ್ಬೊಬ್ಬರಾಗಿ ಬಾವಿಯ ಮೆಟ್ಟಿಲು ಹತ್ತಿ ಬಂದರು. ಕೊನೆಯವನೂ ಬಂದ ಮೇಲೆ ಗೆಳೆಯ ಕ್ಯಾಮೆರಾ ನಿಲ್ಲಿಸಿದ. ಆಕೆ ಏಳಲಿಲ್ಲ. ಬಾವಿಯೊಳಗೇ ನೋಡುತ್ತಿದ್ದಳು.

"ಮುಗೀತು ಕಣಮ್ಮ" ಎಂದೆ. ಕೇಳಿಸಿದಂತೆ ಕಾಣಲಿಲ್ಲ. ಓರಗಿತ್ತಿ ಬಂದು ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು.

ಫಿಲ್ಮು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರಲು ತಿಂಗಳುಗಳೇ ಹಿಡಿದವು. ಅಲ್ಲಿ ಕರೆಂಟಿಲ್ಲವೆಂದು ಬಸ್ಸಿನ ಬ್ಯಾಟರಿಯೊಂದನ್ನು ಹೊತ್ತು ಮತ್ತೆ ಅದೇ ಊರಿಗೆ ಹೋದೆವು. ಚಾವಡಿ ಗೋಡೆಗೆ ಪಂಚೆ ಕಟ್ಟಿ ತೋರಿಸಿದೆವು. ತಮ್ಮವರ ಮುಖ ಗುರುತು ಹಿಡಿದು ಜನ ಮೊದಮೊದಲು ನಕ್ಕರು. ಬಾವಿಯ ದಡದಲ್ಲಿ ಕೂತ ಆಕೆ ತೆರೆಯ ಮೇಲೆ ಬಂದಾಗ ನಗು ನಿಂತಿತು.

ಮುಗಿದ ಮೇಲೆ ಆಕೆ ನನ್ನ ಹತ್ತಿರ ಬಂದಳು.

"ನಮ್ಮೆಜಮಾನ್ರು ಬರ್ನೇ ಇಲ್ವಲ್ಲ ಸಾ?"

ನನಗೆ ಅರ್ಥವಾಗಲಿಲ್ಲ.

"ಗಣೀಲಿ ಆದದ್ನೆಲ್ಲಾ ತೋರುಸ್ತಾರೆ ಅಂದ್ರು. ಅವ್ರ್ನ ಒಂದ್ ಕಿತ ನೋಡ್ಬೌದು ಅನ್ಕಂಡಿದ್ದೆ. ಅದ್ಕೇ ಕುಂತಿದ್ದು."

ಆಕೆ ಅದುವರೆಗೆ ಸಿನಿಮಾ ಕಂಡವಳಲ್ಲ. ಗಂಡನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಗೆಳೆಯ ಫಿಲ್ಮ್ ಸುರುಳಿಯನ್ನು ಡಬ್ಬಿಗೆ ಹಾಕಿದ. ನಾನು ಪಂಚೆ ಬಿಚ್ಚುತ್ತಾ ನಿಂತೆ.

ಬೆಳಿಗ್ಗೆ ನಾವು ಹೊರಡುವಾಗ ನಮ್ಮ ನಟರೆಲ್ಲ ಬುತ್ತಿ ಕಟ್ಟಿಕೊಂಡು ಗಣಿಯ ಹಾದಿ ಹಿಡಿದಿದ್ದರು. ಅದನ್ನು ಮತ್ತೆ ತೆರೆದಿದ್ದರು. ಯುದ್ಧದ ಉಕ್ಕಿಗೆ ಅಲ್ಲಿನ ಕ್ರೋಮ್ ಕಲ್ಲು ಬೇಕಾಗಿತ್ತಂತೆ.

"ಹೋಗಲೇಬೇಕೇನ್ರಯ್ಯಾ?" ಎಂದೆ.

"ಇನ್ನೇನ್ ಮಾಡಾನ ಸಾ" ಎಂದನೊಬ್ಬ. "ನಿಮ್ಗೆ ಬಸ್ಸಿಗೆ ಒತ್ತಾಯ್ತದೆ, ನಡೀರಿ."